ಕಾಲು ಚಾಚುವ ಬಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಸೈಕಲ್ಲನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಇನ್ನೊಂದು ಸಾಲನ್ನು ಸೇರಿಸುತ್ತಿದ್ದರೋ ಏನೋ! ಹಾಸಿಗೆ ಸಾಲದವನು ಮುದುರಿಕೊಂಡು ಮಲಗಬಹುದು. ಬೆಳಗಾದ ಮೇಲೆ ಎದ್ದು ಮೈಮುರಿಯಬಹುದು. ಮೋಟಾರು ಸೈಕಲ್ಲಿನ ಸವಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಕಾಲು ಎಲ್ಲಿರಬೇಕೆಂಬುದನ್ನು ಯಾವನೋ ಒಬ್ಬ ನಕ್ಷೆಗಾರ ತನ್ನ ಹಲಗೆಯ ಮೇಲೆ ಗೆರೆಯೆಳೆದು ಮೊದಲೇ ನಿಶ್ಚಯಿಸಿಬಿಟ್ಟಿರುತ್ತಾನೆ. ಕಾಲು ಆ ಗೆರೆಗೆ ಒಪ್ಪಿ ನಡೆಯುವಷ್ಟು ದಿನ ಎಲ್ಲವೂ ಸರಿ. ಒಂದು ದಿನ ಕಾಲೇ ಒಲ್ಲೆನೆಂದು ಹಟ ಹಿಡಿದರೆ ಮಾಡುವುದೇನು?

ಮೈಸೂರಿನ ವಿಜಯನಗರದ ಎರಡನೆಯ ಹಂತದ ಒಂದು ಮನೆಯಲ್ಲಿ ಈ ಪ್ರಶ್ನೆ ಕೆಲವು ತಿಂಗಳ ಕಾಲ ಊಟದ ಹೊತ್ತಿನ ಮಾತಾಗಿತ್ತು. ಆ ಮನೆಯ ಯಜಮಾನರು ಎಪ್ಪತ್ತನ್ನು ದಾಟಿದವರು. 1971ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಫಿಟ್ಟರಾಗಿ ಸೇರಿ, 1996ರಲ್ಲಿ ಅದು ಮುಚ್ಚುವವರೆಗೂ ಅಲ್ಲಿಯೇ ದುಡಿದವರು. ಇಪ್ಪತ್ತೈದು ವರ್ಷಗಳ ಸೇವೆಯ ಗುರುತಾಗಿ ಅವರ ಬಳಿ ಉಳಿದದ್ದು ಎರಡೇ: ಉಗುರಿನ ಸಂದಿಯಲ್ಲಿ ಕಾಯಮ್ಮಾಗಿ ನೆಲಸಿದ ಒಂದು ಕಪ್ಪು ಗೆರೆ, 1979ರಲ್ಲಿ ಕಂತಿನ ಮೇಲೆ ಕೊಂಡ ಒಂದು ಯೆಜ್ಡಿ ಮೋಟಾರು ಸೈಕಲ್ಲು. ಮೊದಲನೆಯದನ್ನು ಅವರ ಪತ್ನಿ ಸೀಗೆಪುಡಿಯಿಂದ ತೊಳೆಸಲು ಯತ್ನಿಸಿ ಸೋತಿದ್ದರು. ಎರಡನೆಯದನ್ನು ಮಾರಿಸಲು ಯತ್ನಿಸಿ ಸೋತಿದ್ದರು.

ಮೈಸೂರಿನ ಹಳಬರಿಗೆ ಜಾವಾದ ಕಥೆಯನ್ನು ಹೇಳಬೇಕಾದ್ದಿಲ್ಲ. ಹೊಸಬರಿಗಾಗಿ ಎರಡು ಮಾತು. ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರಿನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ 'ಜಾವಾ' ಎಂದು ಹೆಸರಿಟ್ಟ. ಆ ಹೆಸರು ಜಯಚಾಮರಾಜೇಂದ್ರ ಒಡೆಯರು ರಾಜ್ಯಪಾಲರಾಗಿದ್ದ ಕಾಲದಲ್ಲಿ ಮೈಸೂರಿಗೆ ಬಂದಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಕಟ್ಟಿದ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬೀಳತೊಡಗಿದುವು. 1973ರ ಹೊತ್ತಿಗೆ ಅದೇ ಯಂತ್ರ, ಇರಾನ್ ದೇಶದ ಯಜ್ದ್ ನಗರವನ್ನು ನೆನಪಿಗೆ ತರುವ 'ಯೆಜ್ಡಿ' ಎಂಬ ಹೆಸರನ್ನು ಧರಿಸಿತು. ಆ ಬಡಾವಣೆಗಳಲ್ಲಿ ಬೆಳೆದ ಮಕ್ಕಳು ಹೊಗೆಯ ವಾಸನೆಯಿಂದಲೂ ಎರಡು ಕೊಳವೆಗಳ ದನಿಯಿಂದಲೂ, ಬಂದವರು ಯಾರೆಂಬುದನ್ನು ಬಾಗಿಲು ತೆರೆಯುವ ಮೊದಲೇ ಹೇಳುತ್ತಿದ್ದರು.

ಮೂರು ವರ್ಷಗಳ ಕೆಳಗೆ ಯಜಮಾನರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಬಲ ಮಂಡಿಯ ಚಿಪ್ಪು ಒಡೆಯಿತು. ಮೂಳೆ ಕೂಡಿತು, ಆದರೆ ಮಂಡಿ ಮೊದಲಿನಂತೆ ಮಡಿಚಲಿಲ್ಲ. ನಡೆಯಬಲ್ಲರು, ಮೆಟ್ಟಿಲು ಹತ್ತಬಲ್ಲರು, ಪಾದದಿಂದ ಬಲವಾಗಿ ಒತ್ತಬಲ್ಲರು. ಮಂಡಿಯನ್ನು ಸಮಕೋನದವರೆಗೆ ಬಾಗಿಸುವುದು ಮಾತ್ರ ಆಗದು. ಯೋಗಾನರಸಿಂಹಸ್ವಾಮಿಯ ಗುಡಿಯಲ್ಲಿ ಹೊಸ ವರ್ಷದ ದಿನ ಲಕ್ಷಗಟ್ಟಲೆ ಲಾಡು ಹಂಚುವಾಗ ಸರದಿಯಲ್ಲಿ ಎರಡು ಗಂಟೆ ನಿಂತು ಪ್ರಸಾದ ತಂದವರಿಗೆ, ಗಾಡಿಯ ಮೇಲೆ ಎರಡು ನಿಮಿಷ ಕೂರಲು ಸಾಧ್ಯವಾಗಲಿಲ್ಲ. ಫುಟ್‌ರೆಸ್ಟಿನ ಮೇಲೆ ಪಾದವಿಡಬೇಕಾದರೆ ಮಂಡಿ ಮಡಿಚಲೇಬೇಕು. ಅಂದಿನಿಂದ ಗಾಡಿ ತುಳಸೀಕಟ್ಟೆಯ ಪಕ್ಕದಲ್ಲಿ, ಹಳೆಯ ಜಮಖಾನೆಯೊಂದನ್ನು ಹೊದ್ದು, ಮನೆಯ ಹಿರಿಯ ಸದಸ್ಯನಂತೆ ವಿಶ್ರಾಂತಿಗೆ ಸಂದಿತು. ಯಜಮಾನರು ದಿನವೂ ಬೆಳಿಗ್ಗೆ ಹೋಗಿ ಜಮಖಾನೆ ಸರಿಪಡಿಸಿ ಬರುತ್ತಿದ್ದರು. ಅದು ಸರಿಯಾಗಿಯೇ ಇರುತ್ತಿತ್ತು.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನಿಗೆ ಆ ಜಮಖಾನೆಯ ಕೆಳಗೆ ಬೇರೆಯೇ ಒಂದು ಗಾಡಿ ಕಾಣುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದು ಮನೆಗೆ ಮರಳಿದ ಅಮೆರಿಕದ ಸೈನಿಕರು ತಮ್ಮ ಭಾರವಾದ ಮೋಟಾರು ಸೈಕಲ್ಲುಗಳಿಂದ ಬೇಡವೆನಿಸಿದ್ದನ್ನೆಲ್ಲ ಕಳಚಿ, ಕತ್ತರಿಸಿ, ತಮಗೆ ಬೇಕಾದಂತೆ ತಿದ್ದಿಕೊಂಡರಂತೆ. ಕತ್ತರಿಸಿದುದರಿಂದ ಅವುಗಳಿಗೆ 'ಚಾಪರ್' ಎಂಬ ಹೆಸರೇ ನಿಂತಿತು. ಕಾಲವು ಸರಿದಂತೆ ಮುಂಗಾಲಿ ಉದ್ದವಾಯಿತು, ಪೀಠ ತಗ್ಗಿತು, ಪಾದಗಳು ಮುಂದಕ್ಕೆ ಸರಿದುವು. 1969ರಲ್ಲಿ 'ಈಸಿ ರೈಡರ್' ಎಂಬ ಚಲನಚಿತ್ರ ಆ ಭಂಗಿಯನ್ನು ಲೋಕಕ್ಕೆಲ್ಲ ತೋರಿಸಿತು. ಕಾಲೆರಡನ್ನೂ ಮುಂದಕ್ಕೆ ಚಾಚಿ, ಆರಾಮಕುರ್ಚಿಯಲ್ಲಿ ಕುಳಿತ ಜಮೀನುದಾರನಂತೆ ಸವಾರಿ ಮಾಡುವುದೆಂದರೆ ಮೊಮ್ಮಗನಿಗೆ ಪರಮ ವೈಭವ. ಅಂಥದೊಂದು ಚಿತ್ರವನ್ನು ಅವನು ತಾತನ ಮುಂದೆ ಹಿಡಿದ.

"ತಾತ, ನೋಡಿ. ಇದರಲ್ಲಿ ಮಂಡಿ ಮಡಿಚೋದೇ ಬೇಡ."

ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೊಮ್ಮಗ ಅಲಂಕಾರಕ್ಕಾಗಿ ಬಯಸಿದ್ದು ಅವರಿಗೆ ಅವಶ್ಯಕತೆಯಾಗಿ ಕಂಡಿತು. ಹರೆಯದ ಶೋಕಿಯೂ ಮುಪ್ಪಿನ ನೋವೂ ಒಂದೇ ಪೆಡಲಿನ ಮೇಲೆ ಕಾಲಿಡಲು ಬಂದು ನಿಂತದ್ದು ಹೀಗೆ.

ಮರುದಿನವೇ ಮೊಮ್ಮಗ ಹೆಬ್ಬಾಳದ ಕಡೆಯ ವೆಲ್ಡಿಂಗ್ ಕೆಲಸದವನೊಬ್ಬನನ್ನು ಕರೆತಂದ. ಅವನು ಗಾಡಿಯನ್ನು ಒಂದು ಸುತ್ತು ಸುತ್ತಿ, ಸೀಮೆಸುಣ್ಣದಿಂದ ಚೌಕಟ್ಟಿನ ಮೇಲೆ ಎರಡು ಗುರುತು ಹಾಕಿ, "ಅರ್ಧ ಗಂಟೆ ಕೆಲಸ ಸ್ವಾಮಿ. ಇಲ್ಲೊಂದು ತೂತು, ಇಲ್ಲೊಂದು ಪಟ್ಟಿ, ಒಂದು ಬೆಸುಗೆ" ಎಂದ. ಯಜಮಾನರು ಏನೂ ಮಾತನಾಡಲಿಲ್ಲ. ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಆ ಎರಡು ಗುರುತುಗಳನ್ನೂ ಒರೆಸಿದರು. ಬಂದವನಿಗೆ ಕಾಫಿ ಕೊಡಿಸಿ ಕಳುಹಿಸಿದರು.

ಮೊಮ್ಮಗನಿಗೆ ಮುಖ ಸಪ್ಪಗಾಯಿತು. ಅಂದು ಸಂಜೆ ತಾತನ ಪಾಠ ನಡೆಯಿತು. ಚೌಕಟ್ಟೆಂದರೆ ಬರಿಯ ಕಬ್ಬಿಣದ ಕೊಳವೆಯಲ್ಲ; ಅದು ಗಾಡಿಯ ಬೆನ್ನುಮೂಳೆ. ಇಂಜಿನ್ನು ಹಾಳಾದರೆ ಬಿಚ್ಚಿ ಕಟ್ಟಬಹುದು, ಟ್ಯಾಂಕು ತೂತಾದರೆ ಮುಚ್ಚಬಹುದು. ಚೌಕಟ್ಟು ಕೆಟ್ಟರೆ ಗಾಡಿಯೇ ಇಲ್ಲ. ಎಳೆತಕ್ಕೆ ಸಿಕ್ಕಿದ ಲೋಹದ ಹಲಗೆಯಲ್ಲಿ ಸಣ್ಣದೊಂದು ದುಂಡು ತೂತು ಕೊರೆದರೆ, ಆ ತೂತಿನ ಅಂಚಿನಲ್ಲಿ ಒತ್ತಡ ಸುತ್ತಲಿನದರ ಮೂರು ಪಟ್ಟಾಗುತ್ತದೆಂಬುದು ಎಲ್ಲ ಇಂಜಿನಿಯರಿಂಗ್ ಪುಸ್ತಕಗಳಲ್ಲೂ ಇರುವ ಮಾತು. ಒಂದು ದಿನದ ಭಾರಕ್ಕೆ ಅದು ಮುರಿಯದು. ಆದರೆ ಹಳ್ಳದ ಮೇಲೆ ಹಳ್ಳ, ನಡುಕದ ಮೇಲೆ ನಡುಕ ಬಿದ್ದು, ಆ ಅಂಚಿನಿಂದಲೇ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಬಣ್ಣದ ಕೆಳಗೆ ಯಾರಿಗೂ ಕಾಣದಂತೆ ಬೆಳೆಯುತ್ತದೆ. ತೂತಿನಿಂದ ಮಳೆನೀರು ಕೊಳವೆಯೊಳಗೆ ಇಳಿದು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಬೆಸುಗೆಯ ಕಥೆಯೂ ಅಷ್ಟೇ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ ಕೆಂಪಗೆ ಕಾದು ತಣಿದ ಲೋಹ ತನ್ನ ಮೊದಲಿನ ಗುಣವನ್ನು ಕಳೆದುಕೊಂಡಿರುತ್ತದೆ. ಮುರಿಯುವುದು ಬೆಸುಗೆಯಲ್ಲ, ಅದರ ನೆರೆಮನೆ.

"ಅದೂ ಅಲ್ಲದೆ," ಎಂದರು ಯಜಮಾನರು, "ಈ ಚೌಕಟ್ಟನ್ನ ಮಾಡಿದ ಕಾರ್ಖಾನೆ ಈಗ ಇಲ್ಲ ಕಣೋ. ಇನ್ನೊಂದು ಕೊಡಿ ಅಂತ ಯಾರ ಬಾಗಿಲಿಗೆ ಹೋಗ್ತೀಯ?"

ಈ ಮಾತಿಗೆ ಮೊಮ್ಮಗನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಅಡ್ಡಿಯನ್ನು ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಎತ್ತಿದ. ಕಾಗದಪತ್ರಗಳ ನಡುವೆ ಬಾಳಿದವನಿಗೆ ಸಹಜವಾದ ಶಂಕೆ ಅದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿರ್ದಿಷ್ಟಪಡಿಸಿದುದಕ್ಕಿಂತ ಭಿನ್ನವಾಗುವ ಹಾಗೆ ಯಾರೂ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿದೆ. ಶೋಕಿಗಾಗಿ ಚೌಕಟ್ಟನ್ನು ಕತ್ತರಿಸಿದವನಿಗೆ ಕಾನೂನಿನ ಆಸರೆಯಿಲ್ಲ. ಆದರೆ ಅದೇ ಕಾಯಿದೆ ಒಂದು ಕಿಟಕಿಯನ್ನು ತೆರೆದಿಟ್ಟಿದೆ. ದೇಹದ ಊನವುಳ್ಳವರು ತಮ್ಮ ಉಪಯೋಗಕ್ಕಾಗಿ, ಅನುಮತಿ ಪಡೆದು, ವಾಹನವನ್ನು ಹೊಂದಿಸಿಕೊಳ್ಳಬಹುದು. ಮಗ ಇದನ್ನು ಓದಿ ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಾಡಿಯ ಮೇಲೆ ಕೂರುವ ಆಸೆಗಾಗಿ 'ಊನವುಳ್ಳವನು' ಎಂದು ಬರೆದುಕೊಡಬೇಕು. ಮೂರು ವರ್ಷ ಕುಂಟುತ್ತ ನಡೆದರೂ ಆ ಮಾತನ್ನು ಅವರು ತಮ್ಮ ಬಾಯಿಂದ ಆಡಿರಲಿಲ್ಲ. ಎರಡು ದಿನ ಕಳೆದ ಮೇಲೆ, ಯಾರೂ ಕೇಳದಿದ್ದರೂ, "ಡಾಕ್ಟರ ಸರ್ಟಿಫಿಕೇಟು ತರೋಣ" ಎಂದರು. ಅವರ ಪತ್ನಿ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವರು ಸೌಟನ್ನು ಕೆಳಗಿಟ್ಟು ಒಂದು ಕ್ಷಣ ನಿಂತರು. ಮತ್ತೆ ಒಗ್ಗರಣೆ ಸೀಯುವುದೆಂದು ಎತ್ತಿಕೊಂಡರು.

ಅರ್ಜಿ ಹೋಯಿತು, ಪರೀಕ್ಷೆಗೆ ಬರಬೇಕಾದ ಗಾಡಿ ಹೇಗಿರುತ್ತದೆಂಬ ನಕ್ಷೆಯೂ ಅದರೊಡನೆ ಹೋಗಬೇಕಾಯಿತು. ನಕ್ಷೆ ಬರೆಯುವಾಗಲೇ ತಾತ-ಮೊಮ್ಮಗನ ನಡುವೆ ನಿಜವಾದ ಜಗಳ ಆರಂಭವಾದದ್ದು.

ಚಿತ್ರದಲ್ಲಿದ್ದ ಗಾಡಿಯಲ್ಲಿ ಎರಡು ಕಾಲುಗಳೂ ಮುಂದಿದ್ದುವು. ಮೊಮ್ಮಗ ಎರಡು ಕಡೆಗೂ ಮುಂಚಾಚಿದ ಪೆಡಲುಗಳನ್ನು ಬರೆದ. ಯಜಮಾನರು ಪೆನ್ಸಿಲ್ಲಿನಿಂದ ಎಡಗಡೆಯದನ್ನು ಹೊಡೆದುಹಾಕಿದರು.

ಕಾರಣ ಜಾವಾ ವಂಶದ ಒಂದು ವಿಶೇಷ. ಬೇರೆ ಗಾಡಿಗಳಲ್ಲಿ ಕಿಕ್ಕರು ಬೇರೆ, ಗೇರು ಬೇರೆ. ಹಳೆಯ ಯೆಜ್ಡಿಯಲ್ಲಿ ಎರಡಕ್ಕೂ ಒಂದೇ ಲಿವರು, ಎಡಗಡೆ. ಅದನ್ನು ಇಂಜಿನ್ನಿನ ಕಡೆಗೆ ಒತ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರು; ಗಾಡಿ ಹೊರಟ ಮೇಲೆ ಮತ್ತೆ ಮುಂದಕ್ಕೆ ತಂದರೆ ಗೇರು. ಮಾಮೂಲಿ ಗಾಡಿಯಾದರೆ ಗೇರಿನ ಲಿವರಿಗೆ ಒಂದು ಸರಳು ಜೋಡಿಸಿ, ಆ ಸರಳಿನ ಇನ್ನೊಂದು ತುದಿಯನ್ನು ಮುಂದಿನ ಪೆಡಲಿಗೆ ಕಟ್ಟಿದರೆ ಕೆಲಸ ಮುಗಿಯಿತು. ಯೆಜ್ಡಿಯ ಲಿವರಿಗೆ ಸರಳು ಕಟ್ಟಿದರೆ ಅದು ಕಿಕ್ಕರಾಗಿ ಎದ್ದು ನಿಲ್ಲುವುದೆಂತು? ಪ್ರತಿ ಸಲವೂ ಸರಳನ್ನು ಬಿಚ್ಚಿ, ಕಿಕ್ಕು ಹೊಡೆದು, ಮತ್ತೆ ಕೂಡಿಸಬೇಕು.

"ಬಿಚ್ಚೋ ಹಾಗೆ ಒಂದು ಪಿನ್ನು ಇಟ್ಟರಾಯಿತು, ತಾತ."

"ಇಡು. ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತುಹೋಗುತ್ತೆ. ಹಿಂದೆ ಬಸ್ಸು. ಆವಾಗ ನೀನು ಕೆಳಗಿಳಿದು ಪಿನ್ನು ಹುಡುಕು."

ಮೊಮ್ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟುಕೊಂಡು ಹೊರಟರೆ ಲೋಕ ಏನೆಂದೀತು? ಅದಕ್ಕೆ ಅಜ್ಜಿ ಒಳಗಿನಿಂದಲೇ, "ಗೋಡೆ ಮೇಲೆ ಕೃಷ್ಣ ಹಾಗೇ ನಿಂತಿಲ್ವೇನೋ? ಅವನನ್ನ ನೋಡಿ ಯಾರು ನಕ್ಕರು?" ಎಂದು ಕೇಳಿದರು. ತ್ರಿಭಂಗಿಯ ಮುಂದೆ ಚಾಪರಿನ ಭಂಗಿ ಸೋಲನ್ನೊಪ್ಪಿತು. ಮಡಿಚದೆ ಇದ್ದದ್ದು ಬಲ ಮಂಡಿ ಒಂದೇ. ಸರಿಸಬೇಕಾದದ್ದೂ ಬಲಗಡೆಯ ಫುಟ್‌ರೆಸ್ಟು ಮತ್ತು ಬ್ರೇಕಿನ ಪೆಡಲು ಮಾತ್ರ. ಎಡಗಾಲು ತನ್ನ ಹಳೆಯ ನೌಕರಿಯಲ್ಲಿಯೇ ಮುಂದುವರಿಯಬಹುದು. ಬೇಕಾದಷ್ಟನ್ನು ಮಾತ್ರ ಬದಲಿಸುವುದು ಯಜಮಾನರ ಕಾರ್ಖಾನೆಯ ಶಿಸ್ತಾಗಿತ್ತು.

ಮುಂದಿನ ಭಾನುವಾರ ಅಳತೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯ ಮೇಲೆ ಯಜಮಾನರು ಕುಳಿತರು. ಬಲಗಾಲನ್ನು ನೋವಿಲ್ಲದಷ್ಟು ಚಾಚಿದರು. ಪಾದದ ಕೆಳಗೆ ಮೊಮ್ಮಗ ಇಟ್ಟಿಗೆಗಳನ್ನೂ ಹಲಗೆಯ ಚೂರುಗಳನ್ನೂ ಒಂದೊಂದಾಗಿ ಪೇರಿಸಿದ. ಹಿಮ್ಮಡಿ ಹಾಯಾಗಿ ಕುಳಿತ ಎಡೆ ಹಳೆಯ ಫುಟ್‌ರೆಸ್ಟಿಗಿಂತ ಒಂಬತ್ತು ಅಂಗುಲ ಮುಂದಿತ್ತು. ಮೊಮ್ಮಗ ತನ್ನ ಟೇಪು ಹಿಡಿದು "229 ಮಿಲಿಮೀಟರು" ಎಂದ. ತಾತ "ಒಂಬತ್ತು ಅಂಗುಲ" ಎಂದರು. ಎರಡೂ ಒಂದೇ ಎಂಬುದು ಇಬ್ಬರಿಗೂ ಗೊತ್ತಿದ್ದರೂ, ಕೆಲಸ ಮುಗಿಯುವವರೆಗೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಒಪ್ಪಿಕೊಳ್ಳಲಿಲ್ಲ. ಮುಂಚಕ್ರವನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಿದ್ದಾಯಿತು. ಮುಂದಿನ ಫೋರ್ಕು ಪೂರ್ತಿ ಅದುಮಿಕೊಂಡರೂ ಚಕ್ರ ಪಾದಕ್ಕೆ ತಾಗಬಾರದು. ಬಲಗಡೆಯ ಹೊಗೆಕೊಳವೆಗೂ ಹೊಸ ಪಟ್ಟಿಗೂ ನಡುವೆ ಎರಡು ಬೆರಳಿನ ತೆರಪು ಬೇಕೆಂದು ಗುರುತು ಹಾಕಿದ್ದಾಯಿತು.

ಚೌಕಟ್ಟಿಗೆ ಗಾಯ ಮಾಡದೆ ಅದನ್ನು ಹಿಡಿದುಕೊಳ್ಳುವುದು ಹೇಗೆ? ಯಜಮಾನರ ಉಪಾಯ ಸರಳವಾಗಿತ್ತು. ಚೌಕಟ್ಟಿನ ಮುಂಭಾಗವನ್ನು ಎರಡು ಅರ್ಧ ಹೋಳುಗಳ ಕ್ಲ್ಯಾಂಪಿನಿಂದ, ಬಳೆ ತೊಡಿಸಿದಂತೆ, ತಬ್ಬಿಕೊಳ್ಳಬೇಕು. ಅದಕ್ಕಾಗಿ ಹಳೆಯ ಮದುವೆಯ ಕರೆಯೋಲೆಗಳ ರಟ್ಟನ್ನು ಕತ್ತರಿಸಿ ಕತ್ತರಿಸಿ, ಚೌಕಟ್ಟಿನ ಮೈಗೆ ಕೂಡುವ ಅಚ್ಚನ್ನು ತೆಗೆದರು. ಆ ಅಚ್ಚಿನಂತೆ ಪರಿಚಯದ ಲೇತಿನವನೊಬ್ಬ ಉಕ್ಕಿನಲ್ಲಿ ಎರಡು ಹೋಳುಗಳನ್ನು ಕೊರೆದುಕೊಟ್ಟ. ಕೂಡಿಸಿದಾಗ ಎರಡು ಹೋಳುಗಳ ಬಾಯಿ ಪೂರ್ತಿ ಮುಚ್ಚಬಾರದು. ನಡುವೆ ಒಂದೆರಡು ಮಿಲಿಮೀಟರು ಸಂದು ಉಳಿಯಬೇಕು. ಬಾಯಿ ಮುಚ್ಚಿಬಿಟ್ಟರೆ ಬೋಲ್ಟಿನ ಬಲವೆಲ್ಲ ಹೋಳುಗಳ ಪರಸ್ಪರ ತಿಕ್ಕಾಟದಲ್ಲಿಯೇ ಮುಗಿದು, ಚೌಕಟ್ಟಿಗೆ ಹಿಡಿತ ಸಿಕ್ಕುವುದಿಲ್ಲ. ಹಾಗೆಂದು ಮೈಮರೆತು ಬಿಗಿದರೆ ಕೊಳವೆಯೇ ತಗ್ಗಾಗುತ್ತದೆ.

ಬಣ್ಣ ಕೆರೆಯದಿರಲೆಂದು ಮೊಮ್ಮಗ ನಡುವೆ ಸೈಕಲ್ ಟ್ಯೂಬಿನ ರಬ್ಬರನ್ನು ಸುತ್ತಿದ. ತಾತ ನೋಡಿಯೂ ನೋಡದಂತೆ ಇದ್ದರು. ಪಕ್ಕದ ಖಾಲಿ ನಿವೇಶನದಲ್ಲಿ ಗಾಡಿಯನ್ನು ತಳ್ಳಿಕೊಂಡು ಹೋಗಿ ನಾಲ್ಕು ಸಲ ಬ್ರೇಕು ಒತ್ತುವಷ್ಟರಲ್ಲಿ, ಕ್ಲ್ಯಾಂಪು ಅರ್ಧ ಅಂಗುಲ ತಿರುಗಿ ಕೆಳಗೆ ಬಾಗಿತು.

"ರಬ್ಬರು ಹಿಂಡಿದರೆ ಹರಿಯುತ್ತೆ, ಮಗು. ಮೆತ್ತಗಿರೋದೆಲ್ಲ ಮೃದುವಾಗಿ ಹಿಡಿಯುತ್ತೆ ಅಂತ ತಿಳೀಬೇಡ."

"ಮೊದಲೇ ಹೇಳಬಾರದಾಗಿತ್ತೆ, ತಾತ?"

"ಹೇಳಿದ್ದರೆ ಮರೆತುಬಿಡುತ್ತಿದ್ದೆ."

ರಬ್ಬರಿನ ಬದಲು ತೆಳ್ಳನೆಯ ಅಲ್ಯುಮಿನಿಯಂ ತಗಡು ಬಂದಿತು. ಉಕ್ಕಿಗಿಂತ ಮೃದುವಾದ್ದರಿಂದ ಬಣ್ಣವನ್ನು ಕಾಯುತ್ತದೆ, ರಬ್ಬರಿನಂತೆ ಹರಿಯುವುದಿಲ್ಲ. ಅಷ್ಟೇ ಸಾಲದು. ಬಳೆಯೊಂದನ್ನೇ ನಂಬಿದರೆ ಅದು ಎಂದಾದರೊಮ್ಮೆ ಕೈಯ ಸುತ್ತ ತಿರುಗಿಯೇ ತಿರುಗುತ್ತದೆ. ಪಾದದ ಭಾರ ಬೀಳುವುದು ಚೌಕಟ್ಟಿನ ಮೇಲಲ್ಲ, ಅದರಿಂದ ಐದಾರು ಅಂಗುಲ ಹೊರಗೆ ಚಾಚಿದ ತುದಿಯ ಮೇಲೆ. ಐದು ಅಂಗುಲ ದೂರದಲ್ಲಿ ಮೂವತ್ತು ಕಿಲೋ ಭಾರ ಬಿದ್ದರೆ, ಒಂದು ಅಂಗುಲ ದೂರದಲ್ಲಿ ನೂರೈವತ್ತು ಕಿಲೋ ಬಿದ್ದಷ್ಟೇ ತಿರುಚು. ಆದ್ದರಿಂದ ಎರಡನೆಯ ಆಧಾರ ಬೇಕು. ಇಂಜಿನ್ನನ್ನು ಮುಂಭಾಗದಲ್ಲಿ ಚೌಕಟ್ಟಿಗೆ ಹಿಡಿದಿರುವ ಬೋಲ್ಟಿನ ಜಾಗದಲ್ಲಿ, ಅಷ್ಟೇ ದಪ್ಪದ, ತಲೆಯ ಮೇಲೆ 8.8 ಎಂದು ಬರೆದಿರುವ ದರ್ಜೆಯ, ತುಸು ಉದ್ದವಾದ ಬೋಲ್ಟನ್ನು ಹಾಕಿ, ಪಟ್ಟಿಯ ಇನ್ನೊಂದು ತುದಿಯನ್ನು ಅದಕ್ಕೆ ಸಿಕ್ಕಿಸಿದರು. ಕಾರ್ಖಾನೆಯೇ ಕೊರೆದಿಟ್ಟ ತೂತು ಇರುವಾಗ ಹೊಸದನ್ನು ಕೊರೆಯುವುದೇಕೆ? ಬಳೆ ಒಂದು ಕಡೆ, ಬೋಲ್ಟು ಒಂದು ಕಡೆ ಹಿಡಿದ ಮೇಲೆ ಪಟ್ಟಿ ತಿರುಗಲು ದಾರಿಯೇ ಉಳಿಯಲಿಲ್ಲ.

ಬ್ರೇಕಿನ ವಿಷಯದಲ್ಲಿಯೂ ಅದೇ ನೀತಿ. ಹಿಂಚಕ್ರದ ಡ್ರಮ್ಮಿಗೆ ಹೋಗುವ ಎಳೆತವನ್ನಾಗಲಿ ಹಳೆಯ ಪೆಡಲನ್ನಾಗಲಿ ಅವರು ಕಳಚಲಿಲ್ಲ. ಹಳೆಯ ಪೆಡಲಿಗೆ ಮೇಲ್ಮುಖವಾಗಿ ಎರಡು ಅಂಗುಲದ ಒಂದು ಕಿವಿಯನ್ನು ಕ್ಲ್ಯಾಂಪಿನಿಂದ ತೊಡಿಸಿ, ಹೊಸ ಪೆಡಲಿಗೂ ಅಂಥದೇ ಎರಡು ಅಂಗುಲದ ಕಿವಿಯಿಟ್ಟು, ನಡುವೆ ಒಂದು ಸರಳನ್ನು ಜೋಡಿಸಿದರು. ಹೊಸ ಪೆಡಲನ್ನು ಕೆಳಗೆ ಒತ್ತಿದರೆ ಅದರ ಕಿವಿ ಮುಂದಕ್ಕೆ ಬಾಗುತ್ತದೆ; ಸರಳು ಹಳೆಯ ಪೆಡಲಿನ ಕಿವಿಯನ್ನು ಮುಂದಕ್ಕೆ ಎಳೆಯುತ್ತದೆ; ಹಳೆಯ ಪೆಡಲು ತನ್ನ ಮೇಲೆ ಯಾವುದೋ ಅಗೋಚರ ಪಾದ ಬಿದ್ದಂತೆ ತಾನಾಗಿಯೇ ಕೆಳಗಿಳಿಯುತ್ತದೆ. ಕಿವಿಗಳೆರಡೂ ಸಮನಾಗಿ, ಪೆಡಲುಗಳೆರಡೂ ಸಮನಾಗಿ ಇರುವುದರಿಂದ ಪಾದದ ಬಲದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೇಲಿನ ಕಿವಿಯೇ ಏಕೆ, ಕೆಳಗಿನದಾಗಬಾರದೇಕೆ ಎಂದು ಮೊಮ್ಮಗ ಕೇಳಿದ. ಕೆಳಗಿಟ್ಟರೆ ಸರಳು ತಳ್ಳಬೇಕಾಗುತ್ತದೆ. ತಳ್ಳುವ ಸರಳು ಎಂದಾದರೂ ಬಾಗೀತು. ಎಳೆಯುವ ಸರಳು ಬಾಗಲಾರದು. ಹಗ್ಗದಿಂದ ಎಮ್ಮೆಯನ್ನು ಎಳೆಯಬಹುದು, ತಳ್ಳಲಾದೀತೆ?

ಫುಟ್‌ರೆಸ್ಟು ಮಾತ್ರ ಮಡಿಚುವಂಥದಾಗಬೇಕೆಂದು ಯಜಮಾನರು ಪಟ್ಟು ಹಿಡಿದರು. ಗಾಡಿ ಬಲಕ್ಕೆ ವಾಲಿದಾಗಲೋ ಬಿದ್ದಾಗಲೋ ಗಟ್ಟಿಯಾಗಿ ನಿಂತ ಕಡ್ಡಿ ನೆಲಕ್ಕೆ ತಗುಲಿ, ಹಾರೆಯಂತೆ ಚೌಕಟ್ಟನ್ನೇ ಮೀಟುತ್ತದೆ. ಪಟ್ಟಿಯನ್ನೂ ಅವರು ಬೇಕೆಂದೇ ಅತಿ ದಪ್ಪವಾಗಿ ಮಾಡಿಸಲಿಲ್ಲ. ದಿನನಿತ್ಯದ ಭಾರಕ್ಕೆ ಅದು ಧಾರಾಳವಾಗಿ ಸಾಕು; ಅಪಘಾತದ ಪೆಟ್ಟಿಗೆ ಚೌಕಟ್ಟಿಗಿಂತ ಮೊದಲು ಅದು ಬಾಗಬೇಕು. ಬಾಗಿದ ಪಟ್ಟಿಗೆ ಇನ್ನೂರು ರೂಪಾಯಿ. ಬಾಗಿದ ಚೌಕಟ್ಟಿಗೆ ಬೆಲೆಯೇ ಇಲ್ಲ.

ನಟ್ಟುಗಳೆಲ್ಲ ನೈಲಾನು ಬಳೆಯಿರುವಂಥವು, ನಡುಕಕ್ಕೆ ಸಡಿಲವಾಗದವು. ಬಿಗಿದ ಮೇಲೆ ಪ್ರತಿಯೊಂದು ನಟ್ಟಿನಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಅಜ್ಜಿಯ ರಂಗೋಲಿಯ ಎಳೆಯಷ್ಟು ಸಣ್ಣದೊಂದು ಬಿಳಿಯ ಬಣ್ಣದ ಗೆರೆಯನ್ನು ಎಳೆದರು. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಕಾರ್ಖಾನೆಯಲ್ಲಿ ಕಲಿತ ಈ ಚಿಕ್ಕ ಉಪಾಯವನ್ನು ಹೇಳಿಕೊಡುವಾಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ಮನೆಯವರು 1996ರಿಂದ ಈಚೆಗೆ ಕಂಡಿರಲಿಲ್ಲ.

ಕಾಗದ ಬಂದಿತು, ಪರೀಕ್ಷೆಯೂ ಆಯಿತು. ಚೌಕಟ್ಟಿನ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಮುದ್ರೆ ತೆಗೆದಾಗ, ಅಂಕೆಗಳು ಹೊಸದರಂತೆ ಎದ್ದು ಬಂದುವು.

ಮರುದಿನ ಬೆಳಿಗ್ಗೆ ಆರು ಗಂಟೆಗೆ, ರಸ್ತೆಯಲ್ಲಿ ಹಾಲಿನವರೂ ವಾಯುಸೇವನೆಯವರೂ ಮಾತ್ರ ಇದ್ದ ಹೊತ್ತಿನಲ್ಲಿ, ಯಜಮಾನರು ಹೆಲ್ಮೆಟ್ಟು ಧರಿಸಿ ಗಾಡಿಯನ್ನೇರಿದರು. ಪ್ರತಿ ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಎಣ್ಣೆಯನ್ನು ಮೊಮ್ಮಗ ಹಿಂದಿನ ರಾತ್ರಿಯೇ ಅಳೆದು ಬೆರೆಸಿದ್ದ. ಗಟ್ಟಿಯಾದ ಬಲಗಾಲನ್ನು ನೆಲಕ್ಕೂರಿ, ಎಡಗಾಲಿನಿಂದ ಎರಡು ಸಲ ಒದೆದರು. ಮೂರನೆಯ ಸಲಕ್ಕೆ ಎರಡು ಕೊಳವೆಗಳೂ ಒಟ್ಟಿಗೆ ಮಾತನಾಡಿದುವು. ಎದುರು ಮನೆಯ ಕಿಟಕಿ ತೆರೆಯಿತು. ಅಜ್ಜಿ ಬಾಗಿಲಲ್ಲಿ ನಿಂತು, "ನಿಧಾನ, ಏನೂಂದ್ರೆ" ಎಂದರು. ಆ ಮಾತು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೊಮ್ಮಗ ಬೇರೊಂದು ಗಾಡಿಯಲ್ಲಿ ಹಿಂಬಾಲಿಸಿದ. ಯಜಮಾನರು ಎಲ್ಲಿಗೆ ಹೋಗುವುದೆಂದು ಹೇಳಿರಲಿಲ್ಲ. ಹೇಳಬೇಕಾದ ಅವಶ್ಯಕತೆಯೂ ಇರಲಿಲ್ಲ. ಗೋಕುಲದ ಮೇಲೆ ಹಾದು ಯಾದವಗಿರಿಯ ಕಡೆಗೆ ಗಾಡಿ ತಿರುಗಿತು. ಇಪ್ಪತ್ತೈದು ವರ್ಷ ಎರಡು ಹೊತ್ತೂ ಓಡಾಡಿದ ದಾರಿ. ಕಾರ್ಖಾನೆಯ ರಸ್ತೆಯಲ್ಲಿ ಒಂದು ಮರದ ನೆರಳಿಗೆ ಗಾಡಿ ನಿಂತಿತು. ಅವರು ಕೆಳಗಿಳಿಯಲಿಲ್ಲ. ಬಲಗಾಲನ್ನು ಹೊಸ ಫುಟ್‌ರೆಸ್ಟಿನ ಮೇಲೆಯೇ ಚಾಚಿ, ಇಂಜಿನ್ನನ್ನು ಆರಿಸದೆ, ಐದು ನಿಮಿಷ ಕುಳಿತಿದ್ದರು. ಹಿಂದೆ ನಿಂತ ಮೊಮ್ಮಗ ಏನನ್ನೋ ಕೇಳಬೇಕೆಂದು ಬಾಯಿ ತೆರೆದು, ಮುಚ್ಚಿಕೊಂಡ.

ಮೊದಲ ಐವತ್ತು ಕಿಲೋಮೀಟರಿಗೊಮ್ಮೆ ಬಿಳಿಯ ಗೆರೆಗಳನ್ನು ನೋಡಿದ್ದಾಯಿತು, ಒಂದೂ ಮುರಿದಿರಲಿಲ್ಲ. ಕಾಲು ಮುಂದೆ ಚಾಚಿ ಕುಳಿತವನು ಹಳ್ಳ ಬಂದಾಗ ಪೀಠದಿಂದ ಮೇಲೇಳಲಾರ, ಏಟೆಲ್ಲ ಬೆನ್ನಿಗೇ ಎಂಬುದೂ ಅನುಭವಕ್ಕೆ ಬಂದಿತು. ಅದಕ್ಕೆ ಯಜಮಾನರು ಕಂಡುಕೊಂಡ ಪರಿಹಾರ ಯಾವ ಲೇತಿನಲ್ಲಿಯೂ ತಯಾರಾಗುವಂಥದಲ್ಲ: ನಿಧಾನವಾಗಿ ಹೋಗುವುದು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಅವರು ಸ್ಪ್ಯಾನರು ತೆಗೆದುಕೊಂಡು ಕ್ಲ್ಯಾಂಪನ್ನು ಪೂರ್ತಿಯಾಗಿ ಬಿಚ್ಚಿದರು. ಚೆನ್ನಾಗಿರುವುದನ್ನು ಬಿಚ್ಚುವುದೇಕೆಂದು ಮೊಮ್ಮಗ ಆಕ್ಷೇಪಿಸಿದ. ತಾತ ಉತ್ತರ ಕೊಡದೆ, ಚೌಕಟ್ಟನ್ನು ಬಟ್ಟೆಯಿಂದ ಒರೆಸಿ, "ಬೆರಳು ಆಡಿಸಿ ನೋಡು" ಎಂದರು. ಒಂದು ಗೀರೂ ಇರಲಿಲ್ಲ. ಸುತ್ತಲಿನ ಬಣ್ಣ ಧೂಳಿಗೂ ಬಿಸಿಲಿಗೂ ಮಾಸಿದ್ದರೆ, ಕ್ಲ್ಯಾಂಪು ತಬ್ಬಿಕೊಂಡಿದ್ದ ಎಡೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

"ಇದನ್ನ ನೋಡಿಟ್ಟುಕೋ," ಎಂದರು ಯಜಮಾನರು. "ಒಂದು ದಿನ ನಾನು ಕೂರೋದು ನಿಲ್ಲುತ್ತೆ. ಆವತ್ತು ಈ ನಾಲ್ಕು ಬೋಲ್ಟು ಬಿಚ್ಚಿ, ಹಳೇ ಬೋಲ್ಟನ್ನ ಅದರ ಜಾಗಕ್ಕೆ ಹಾಕಿಬಿಡು. ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ನಿನ್ನ ಕೈಗೆ ಬರುತ್ತೆ. ಹಳೇ ಬೋಲ್ಟು ದೇವರ ಮನೆಯ ಗೂಡಿನಲ್ಲಿ, ಕುಂಕುಮದ ಭರಣಿ ಹಿಂದೆ ಇದೆ."

ಮೊಮ್ಮಗ ತಲೆ ತಗ್ಗಿಸಿ ನಟ್ಟುಗಳನ್ನು ಒಂದೊಂದಾಗಿ ಎಣಿಸತೊಡಗಿದ. ನಾಲ್ಕೇ ಇದ್ದ ನಟ್ಟುಗಳನ್ನು ಎಣಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂದಿತು:

"ಬಿಚ್ಚೋದು ಕಟ್ಟೋದು ಆಮೇಲಾಗಲಿ. ಇಬ್ಬರೂ ಕೈ ತೊಳೆದು ಊಟಕ್ಕೆ ಏಳಿ. ಸೀಗೆಪುಡಿ ಅಲ್ಲೇ ಇಟ್ಟಿದೀನಿ!"